ಸುಮ್ಮನಾದ ಸರ್ವರ್

"ಗುರುಗಳೇ, ಹೊರಗಿನವರ ಮೇಲ್ ಎಲ್ಲ ನಮಗೆ ಬರುತ್ತಿದೆ, ನಮ್ಮದು ಹೊರಗೆ ಹೋಗುತ್ತಿದೆ. ಸರ್ವರ್ ತಾನೇ ನನಗೆ ಬರೆಯುತ್ತಿದ್ದ ಮೇಲ್ ಮಾತ್ರ ನಿಂತುಹೋಗಿದೆ. ಅದಿಲ್ಲದಿದ್ದರೂ ನಡೆಯುತ್ತದೆ ಅಲ್ಲವೇ?"

ಮಠದ ಸರ್ವರ್ ನೋಡಿಕೊಳ್ಳುತ್ತಿದ್ದ ಶಿಷ್ಯ ಚೆನ್ನವೀರ ಹೀಗೆ ಕೇಳಿದ. ವಿದ್ಯಾರ್ಥಿನಿಲಯದ ಮಕ್ಕಳ ದಾಖಲೆಗಳೆಲ್ಲ ಮೇಲ್‌ನಲ್ಲಿ ಬಂದು ಆ ಸರ್ವರಿನಲ್ಲೇ ಉಳಿದಿದ್ದವು. "ನಡೆಯುತ್ತದೆ, ನಡೆಯುತ್ತದೆ. ನಿನಗೆ ಓದುವ ಕಾಟವೂ ತಪ್ಪಿತಲ್ಲ" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ರೋಗಿಗಳ ಗುಟ್ಟು ಪರರ ಮನೆಯಲ್ಲಿ ಇರಬಾರದೆಂದು ತನ್ನ ಆಸ್ಪತ್ರೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಂಡಿದ್ದ. ದೊಡ್ಡ ಆಸ್ಪತ್ರೆಗಳಿಂದ ಬರುವ ವರದಿಗಳೆಲ್ಲ ಅದರ ಡಿಸ್ಕಿನಲ್ಲಿದ್ದವು. ಹೃದಯದ ಕಾಯಿಲೆಯ ಒಬ್ಬ ಮುದುಕಿಗೆ ಯಾವ ಔಷಧ ಕೊಟ್ಟರೆ ಪ್ರಾಣಕ್ಕೇ ಕುತ್ತು ಎಂಬುದೂ ಅಂಥದೊಂದು ಮೇಲ್‌ನಲ್ಲಿತ್ತು. ವೈದ್ಯ ಅದನ್ನು ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಪ್ರತಿದಿನ ಬೆಳಿಗ್ಗೆ ಸರ್ವರ್ ತನ್ನದೇ ಹೆಸರಿನ ವಿಳಾಸಕ್ಕೆ ತನ್ನ ಯಜಮಾನನಿಗೆಂದು ಒಂದು ಮೇಲ್ ಬರೆಯುತ್ತಿತ್ತು. ಡಿಸ್ಕ್ ಹೇಗಿದೆ, ಅದರ ನಕಲು ಇನ್ನೊಂದು ಡಿಸ್ಕಿಗೆ ಹೋಯಿತೇ, ಎಲ್ಲಿ ಏನು ತಪ್ಪಿದೆ, ಎಲ್ಲವನ್ನೂ ತಿಳಿಸುತ್ತಿತ್ತು. ಒಮ್ಮೆ ಅದು ಒಂದೇ ಸಮನೆ ಗೊಣಗತೊಡಗಿತು: ಆಸ್ಪತ್ರೆಯ ಹೆಸರು ಎರಡು ಪಟ್ಟಿಗಳಲ್ಲಿದೆ, ಒಂದರಿಂದ ತೆಗೆದುಹಾಕಿ. ದಿನವೂ ಅದೇ ಮಾತು ಓದಿ ವೈದ್ಯನಿಗೆ ತಲೆ ಕೆಟ್ಟಿತು. ಯಾವ ಹೆಸರಿಗೆ ಬಂದ ಮೇಲ್ ತನ್ನದೇ ಮನೆಯದೆಂದು ಸರ್ವರ್ ತಿಳಿಯಬೇಕೋ ಆ ಹೆಸರುಗಳ ಪಟ್ಟಿಯನ್ನೇ ಪೂರ್ತಿ ಅಳಿಸಿಬಿಟ್ಟ. ಆಸ್ಪತ್ರೆಯ ಹೆಸರು ಇನ್ನೊಂದು ಪಟ್ಟಿಯಲ್ಲಿ ಉಳಿಯಿತು, ಹಾಗಾಗಿ ಹೊರಗಿನವರ ಮೇಲ್ ಬರುತ್ತಲೇ ಇತ್ತು. ಆದರೆ ಸರ್ವರಿನ ಸ್ವಂತ ಹೆಸರು ಇದ್ದದ್ದು ಅಳಿಸಿದ ಪಟ್ಟಿಯಲ್ಲಿ ಮಾತ್ರ.

ಮರುದಿನ ಗೊಣಗಾಟ ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡ ವೈದ್ಯ. ಗೊಣಗಾಟ ಬರುತ್ತಿದ್ದುದೂ ಮೇಲ್‌ನಲ್ಲೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ತನ್ನ ವಿದ್ಯೆಯಲ್ಲಿ ಅವನು ದಡ್ಡನೇನಲ್ಲ. ಪೆಟ್ಟು ತಿಂದವರನ್ನು ಹೊತ್ತು ತಂದರೆ ಕಿರುಚುವವನನ್ನು ದಾಟಿ ಹೋಗಿ, ಸುಮ್ಮನೆ ಮಲಗಿದವನ ನಾಡಿಯನ್ನೇ ಮೊದಲು ಹಿಡಿಯುತ್ತಿದ್ದ.

ಹೀಗೆ ಬಹಳ ದಿನ ಕಳೆಯಿತು. ಒಮ್ಮೆ ನೆರೆಯೂರಿನ ವೈದ್ಯ ಸಿಕ್ಕಿದ.

"ಡಿಸ್ಕ್ ಹೋಗ್ತಾ ಇದೆ ಅಂತ ನನ್ನ ಸರ್ವರೇ ಮೇಲ್ ಹಾಕಿತ್ತು ಕಣ್ರೀ, ಬದಲಾಯಿಸಿಬಿಟ್ಟೆ. ನಿಮ್ಮದೂ ಅದರ ಜೊತೇಲೇ ತಂದಿದ್ದಲ್ವಾ, ಹೇಗಿದೆ?"

"ನಮ್ಮದು ಗಟ್ಟಿ ಬಿಡಿ. ಇಷ್ಟು ದಿನ ತುಟಿ ಪಿಟಕ್ಕೆಂದಿಲ್ಲ."

ಆಡಿದ ಮಾತು ಅವನ ಕಿವಿಗೇ ಬಿತ್ತು. ಅಲ್ಲಿಂದ ಎದ್ದವನು ಆಸ್ಪತ್ರೆಗೆ ಓಡಿದ.

ಹೊರಗಿನ ಒಂದು ವಿಳಾಸದಿಂದ ತನಗೇ ಮೇಲ್ ಹಾಕಿ ನೋಡಿದ. ಬಂತು. ಹೋದ ಜೀವ ಬಂದಂತಾಯಿತು. ಆಮೇಲೆ ಸರ್ವರಿನ ಒಳಗಿನಿಂದಲೇ ಒಂದು ಹಾಕಿದ. ಕಾದ. ಬರಲಿಲ್ಲ. ಹೆದರುತ್ತಲೇ ಸರ್ವರಿನ ದಿನಚರಿಯನ್ನು ತೆರೆದ. ನಡೆದದ್ದೆಲ್ಲ ಅಲ್ಲಿತ್ತು. ಸರ್ವರಿಗೆ ತನ್ನ ಹೆಸರೇ ಪರರ ಹೆಸರಾಗಿತ್ತು. ತಾನೇ ಬರೆದ ಮೇಲನ್ನು ಹಿಡಿದು ಆ ಹೆಸರಿನವರನ್ನು ಹೊರಗೆ ಹುಡುಕಿತ್ತು. ಅಂಥವರು ಲೋಕದಲ್ಲಿ ಯಾರೂ ಇಲ್ಲವೆಂದು ಉತ್ತರ ಬಂದಿತ್ತು. ಬರೆದವರಿಗೆ ಮರಳಿಸೋಣವೆಂದರೆ ಬರೆದವರದೂ ಅದೇ ಹೆಸರು. ಕೊನೆಗೆ ಎಸೆದಿತ್ತು. ಒಂದು ದಿನವಲ್ಲ, ಪ್ರತಿ ಬೆಳಿಗ್ಗೆಯೂ ಅದು ಕೂಗಿತ್ತು, ಪ್ರತಿ ಬೆಳಿಗ್ಗೆಯೂ ಆ ಕೂಗನ್ನು ತಾನೇ ಎಸೆದಿತ್ತು.

ಎಸೆದ ಮೇಲ್‌ಗಳಲ್ಲಿ ಏನಿತ್ತೆಂದು ತಿಳಿಯುವ ದಾರಿ ಇರಲಿಲ್ಲ.

ಅವನು ಸರ್ವರಿನ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದ. ಇನ್ನೊಮ್ಮೆ ಒಳಗಿನಿಂದ ಮೇಲ್ ಹಾಕಿದ. ಬಂತು. ಆಗ ಅವನಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು, ಏಕೆಂದರೆ ಇನ್ನು ಸರ್ವರ್ ಹೇಳಬೇಕಾದದ್ದನ್ನು ಹೇಳಿಯೇ ತೀರುತ್ತದೆ. ಬೆಳಗಿನವರೆಗೆ ಕಾಯುವ ಧೈರ್ಯವಿಲ್ಲದೆ, ಬೆಳಗಿನ ಮೇಲನ್ನು ಆಗಲೇ ಬರೆಯುವಂತೆ ಅದಕ್ಕೆ ಹೇಳಿದ. ಬಂದದ್ದನ್ನು ತೆರೆದ.

ಡಿಸ್ಕ್ ಹಾಳಾಗುತ್ತಿತ್ತು. ನಕಲು ಹೋಗುವುದು ನಿಂತು ಎಷ್ಟೋ ಕಾಲವಾಗಿತ್ತು. ವೈದ್ಯ ಮೊದಲು ಮುದುಕಿಯ ಮೇಲ್ ಹುಡುಕಿದ. ಅವಳ ಹೆಸರಿತ್ತು, ತಾರೀಖಿತ್ತು. ಒತ್ತಿದರೆ ಒಳಗೆ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಮಗಳೊಬ್ಬಳು ಏದುಸಿರು ಬಿಡುತ್ತಿದ್ದ ತಾಯಿಯನ್ನು ಹಿಡಿದು ತಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಅದೇ ಮುದುಕಿ. ಅಳುತ್ತಿದ್ದ ಮಗಳಿಗೆ ಅವಳೇ ಸಮಾಧಾನ ಹೇಳುತ್ತಿದ್ದುದು ವೈದ್ಯನಿಗೆ ಕೇಳಿಸಿತು.

"ಯಾಕವ್ವ ಹೆದರ್ತೀಯ? ನಂಗೆ ಯಾವ್ದು ಆಗ್ತದೆ, ಯಾವ್ದು ಆಗಕಿಲ್ಲ, ಎಲ್ಲಾ ಡಾಕ್ಟ್ರಪ್ಪನ ತಾವ ಐತೆ."

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ಚೆನ್ನವೀರನಿಗೆ ತಡೆಯಲಾಗಲಿಲ್ಲ.

"ಮುದುಕಿ ಉಳಿದಳೇ, ಗುರುಗಳೇ?"

"ಮುದುಕಿಯ ಮಾತು ಆಮೇಲೆ, ನಿನ್ನ ಸರ್ವರ್ ಸುಮ್ಮನಾಗಿ ಎಷ್ಟು ದಿನವಾಯಿತು?"

ಚೆನ್ನವೀರನಿಗೆ ಗೊತ್ತಿರಲಿಲ್ಲ.