ಗೀಜಗ ಹೆಣೆದ ತಡಿ

ಕೆರೆಯ ಒಡ್ಡಿಗೆ ಕಲ್ಲು ಹೊತ್ತು ಹೊತ್ತು ಕತ್ತೆಯ ಬೆನ್ನು ಹುಣ್ಣಾಗಿಹೋಗಿತ್ತು. ಅದನ್ನು ಕಂಡ ಗೀಜಗ ಹಕ್ಕಿ, ಬೆನ್ನಿಗೆ ಹಾಸುವ ಹೊಸ ಬಗೆಯ ಹುಲ್ಲಿನ ತಡಿಯೊಂದನ್ನು ಹೆಣೆದು, ಕೆಲಸದ ಒಡೆಯನಾದ ಆನೆಯ ಮುಂದಿಟ್ಟಿತು.

“ಪರೀಕ್ಷೆಯಾಗಲಿ. ಖರ್ಚಿಗೆ ನನ್ನ ಕಣಜದ ಜೋಳ ತೆಗೆದುಕೋ” ಎಂದಿತು ಆನೆ.

ತಡಿ ಏನು ಮಾಡೀತೋ ಎಂಬ ಕುತೂಹಲಕ್ಕೆ ಗೀಜಗ ಗೂಡಿಗೂ ಹೋಗದೆ ಕತ್ತೆಯ ಹಿಂದೆಯೇ ಹಾರಾಡಿತು. ಸಂಜೆ, “ಹೇಗಿದೆಯಣ್ಣಾ?” ಎಂದು ಕೇಳಿತು.

“ಹೊರೆ ಹೂವಿನಂತಿದೆ ತಮ್ಮಾ!” ಎಂದು ಕತ್ತೆ ಕುಣಿಯಿತು.

ಆನೆಯ ಮೊರದಗಲದ ಕಿವಿಗೆ ಆ ಮಾತು ಬಿತ್ತು. “ಹೂವಿನಂತಿದ್ದರೆ ಇನ್ನೆರಡು ಕಲ್ಲು ಹೇರಿ” ಎಂದಿತು. ಮರುದಿನ ಮತ್ತೆರಡು, ಅದರ ಮರುದಿನ ಇನ್ನಷ್ಟು. ವಾರ ಕಳೆಯುವುದರೊಳಗೆ ಕತ್ತೆಗೆ ಸೊಂಟ ಹಿಡಿದು, ಅದು ದಾರಿಯಲ್ಲೇ ಕುಸಿಯಿತು.

“ನಿನ್ನ ತಡಿ ದಂಡ! ಕತ್ತೆಯ ನೋವು ಎಲ್ಲಿ ಹೋಯಿತು? ನನ್ನ ಜೋಳವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು” ಎಂದು ಆನೆ ಗದರಿತು.

ಗೀಜಗ ಹೊರೆಯನ್ನೊಮ್ಮೆ, ಆನೆಯನ್ನೊಮ್ಮೆ ನೋಡಿ ಕೇಳಿತು: “ಒಡೆಯಾ, ತಾವು ಪರೀಕ್ಷಿಸಿದ್ದು ನನ್ನ ತಡಿಯನ್ನೋ, ಕತ್ತೆಯ ತಾಳ್ಮೆಯನ್ನೋ?”