ಬಳೆಗಾರ ಹಿಡಿದ ಕೈ

"ಗುರುಗಳೇ, ಪ್ರೀತಿಸಿದವಳು ಹೊರಟರೆ ಮನೆಗೆ ಬೆಂಕಿ ಇಡುತ್ತೇನೆ ಎನ್ನುವವನನ್ನು ತೆರೆಯ ಮೇಲೆ ಕಂಡರೆ ನನಗೆ ಕಣ್ಣು ತುಂಬಿ ಬರುತ್ತದೆ. ಅವನೇ ನಮ್ಮ ಬೀದಿಯಲ್ಲಿದ್ದರೆ ಪೊಲೀಸರನ್ನು ಕರೆಯುತ್ತೇನೆ. ಇದರಲ್ಲಿ ಯಾವುದು ತಪ್ಪು?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಬೇಳೆ ತರಲು ಪೇಟೆಗೆ ಹೋದಾಗಲೆಲ್ಲ ಅವನು ಆ ಸಿನಿಮಾ ನೋಡಿ ಬರುತ್ತಿದ್ದ. ಮಠದಲ್ಲಿ ಬೇಳೆ ಬಹಳ ಸೇರಿತ್ತು.

ಗುರುಗಳು ಬೈಯಲಿಲ್ಲ. "ಆ ಕತೆ ಸಿನಿಮಾ ಆಗುವ ಮೊದಲು ಕಂಪನಿ ನಾಟಕವಾಗಿತ್ತು. ನಾನೂ ನೋಡಿದ್ದೇನೆ. ಬಹಳ ಚೆನ್ನಾಗಿತ್ತು" ಎಂದು ಹೇಳಿ, ಆ ನಾಟಕ ನೋಡಿದ ಒಬ್ಬನ ಕತೆ ಶುರು ಮಾಡಿದರು.

ಒಬ್ಬ ಬಳೆಗಾರನಿದ್ದ. ಎಂಥ ಬಿರುಸು ಕೈಗೂ ಗಾಜಿನ ಬಳೆ ಏರಿಸುತ್ತಿದ್ದ. ತೊಡಿಸುವಾಗ ಒಡೆದ ಬಳೆಗೆ ದುಡ್ಡು ಕೇಳುವಂತಿಲ್ಲ ಎಂಬುದು ಆ ಕಸುಬಿನ ಕಟ್ಟಳೆ. ಅವನಿಗೆ ಅದರಿಂದ ನಷ್ಟವಾದದ್ದು ಕಡಿಮೆ. ಅವನ ಮದುವೆಗೆ ಒಂದು ಹೆಣ್ಣು ನಿಶ್ಚಯವಾಗಿತ್ತು. ಹುಡುಗಿಗೂ ಅವನು ಇಷ್ಟವಾಗಿದ್ದ.

ಊರಿಗೆ ನಾಟಕ ಕಂಪನಿ ಬಂತು. ನಾಟಕದಲ್ಲಿ ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ. ನಾಯಕ ಅವಳ ಮುಂಗೈ ಹಿಡಿದು, "ನೀನು ಹೋದರೆ ಈ ಮನೆಗೆ ಬೆಂಕಿ, ಒಳಗೆ ನಾನು" ಎನ್ನುತ್ತಾನೆ. ಅವಳು ಜಗ್ಗುತ್ತಾಳೆ, ಬಾಗುತ್ತಾಳೆ, ಕೊನೆಗೆ ಅವನ ಎದೆಗೇ ಬಂದು ಬೀಳುತ್ತಾಳೆ. ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ನಟರು ಅದನ್ನೇ ಮತ್ತೆ ಮಾಡುತ್ತಿದ್ದರು. ಬಳೆಗಾರ ಒಂದು ಆಟವನ್ನೂ ಬಿಡಲಿಲ್ಲ. ಇದರ ಮುಂದೆ ತನ್ನ ಪ್ರೀತಿ ತೀರಾ ಸಪ್ಪೆ ಎನಿಸಿತು.

ಒಂದು ಬೆಳಗ್ಗೆ ನೀರಿಗೆ ಹೊರಟಿದ್ದ ಹುಡುಗಿಯ ಮುಂಗೈ ಹಿಡಿದು ಅದೇ ಮಾತು ಹೇಳಿದ. ಅವಳು ಬಿಡಿಸಿಕೊಳ್ಳಲು ನೋಡಿದಳು. ಅವನು ಇನ್ನೂ ಬಿಗಿಯಾಗಿ ಹಿಡಿದ. ತಾನೇ ತೊಡಿಸಿದ್ದ ಬಳೆಗಳು ಒಡೆದು ಅವಳ ಕೈಯಲ್ಲಿ ರಕ್ತ ಬಂತು.

"ಊರ ಹೆಂಗಸರ ಕೈ ಹಿಡಿದಾಗೆಲ್ಲ 'ನೋವಾಯ್ತೇನವ್ವಾ' ಅಂತ ಕೇಳ್ತೀಯ. ನನ್ನ ಕೇಳಬೇಕು ಅನ್ನಿಸಲಿಲ್ವಾ?" ಎಂದಳು. ಮದುವೆ ನಿಂತಿತು.

ಬಳೆಗಾರ ಕಂಪನಿಯ ಬಿಡಾರಕ್ಕೆ ಹೋದ. ಬೆಂಕಿ ಇಡುವ ನಾಯಕ ಈರುಳ್ಳಿ ಹೆಚ್ಚುತ್ತಿದ್ದ. ನಾಯಕಿ ಅಕ್ಕಿ ಆರಿಸುತ್ತಿದ್ದಳು.

"ಅಣ್ಣಾ, ನೀವು ಮಾಡಿದ್ದನ್ನೇ ಮಾಡಿದೆ. ನಿಮಗೆ ಚಪ್ಪಾಳೆ ಬಿತ್ತು, ನನ್ನ ಮದುವೆ ಮುರೀತು" ಎಂದ.

ನಟ ಕೈ ಒರೆಸಿಕೊಂಡು ಬಂದು ನಾಯಕಿಯ ಮುಂಗೈ ಹಿಡಿದು ತೋರಿಸಿದ. ಬಳೆಗಾರ ಹತ್ತಿರದಿಂದ ನೋಡಿದ. ನಟನ ಬೆರಳುಗಳು ಸಡಿಲವಾಗಿದ್ದವು. ಅವಳ ಬೆರಳುಗಳೇ ಮಡಚಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದವು. ಜಗ್ಗಿದವಳೂ ಅವಳೇ, ಬಾಗಿದವಳೂ ಅವಳೇ.

"ಇವರು ಸುಮ್ನೆ ಬೆರಳು ಸುತ್ತಿರ್ತಾರಪ್ಪ, ಹಿಡಿಯೋಳು ನಾನು" ಎಂದಳು ನಾಯಕಿ. "ಜನ ಒನ್ಸ್ ಮೋರ್ ಅಂದಾಗ ಇವರು ಮೊದಲು ನನ್ನ ಮುಖ ನೋಡ್ತಾರೆ. ನಾನು ಕೈ ಬಿಟ್ಟರೆ ಆಟ ಅಲ್ಲಿಗೇ ಮುಗೀತು."

ಬಳೆಗಾರನ ಕಣ್ಣಲ್ಲಿ ನೀರು ಬಂತು. ಹತ್ತಿರದಲ್ಲಿ ಈರುಳ್ಳಿಯೂ ಇತ್ತು.

ಮರುದಿನ ಅವನು ಬಳೆಯ ಮಲಾರದ ಗಂಟು ಹೊತ್ತು ಹುಡುಗಿಯ ಮನೆಗೆ ಹೋದ. ಜಗಲಿಯ ಮೇಲೆ ಕುಳಿತು ಮಲಾರ ಬಿಚ್ಚಿದ. ತನ್ನ ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡ. ಹುಡುಗಿ ಬಾಗಿಲಿಗೆ ಬಂದು ನಿಂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವಳು ಕೈ ಚಾಚಿದಳೇ?" ಎಂದು ಶಿಷ್ಯ ಕೇಳಿದ.

"ಸಿನಿಮಾದಲ್ಲೂ ನಾಟಕದ ಆ ಕೈ ಹಿಡಿಯುವ ದೃಶ್ಯವನ್ನು ಹಾಗೆಯೇ ಉಳಿಸಿದ್ದಾರಂತೆ; ಅಷ್ಟು ಸಲ ನೋಡಿದೆಯಲ್ಲ, ನಾಯಕಿಯ ಬೆರಳುಗಳು ಏನು ಮಾಡುತ್ತಿದ್ದವು?"

ಶಿಷ್ಯನಿಗೆ ನಾಯಕನ ಮುಖವೊಂದೇ ನೆನಪಿತ್ತು.