ಗುಂಗುರು ನೂಲು

ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಜಪಕ್ಕಿಂತ ಉಣ್ಣೆಯ ಹೆಣಿಗೆ ಹೆಚ್ಚು. ಕಲಿಸುವವರು ದಾಕ್ಷಾಯಣಮ್ಮ.

ಕೊಟ್ರೇಶ ಅವರ ಹತ್ತಿರ ಕಲಿಯಲು ಬಂದು ಒಂಬತ್ತು ವರ್ಷವಾಗಿತ್ತು. ಒಂದು ಕುಣಿಕೆ ಸಡಿಲವಾದರೂ ಇಡೀ ಸಾಲು ಬಿಚ್ಚುವವನು.

"ನೀನು ಲೆಕ್ಕದ ಮೇಷ್ಟ್ರಾಗಬೇಕಿತ್ತು ಕಣೋ," ಎಂದು ಅಮ್ಮ ನಗುತ್ತಿದ್ದರು.

ಆಶ್ರಮ ಬಿಟ್ಟು ಬೇರೆಡೆ ಕಲಿಸಲು ಹೊರಡುವವನು ತನ್ನದೇ ಕಲ್ಪನೆಯ ಆರು ಸ್ವೆಟರ್ ಹೆಣೆದು ಗುರುವಿನ ಮುಂದಿಡಬೇಕು. ಮೂರು ಚಳಿಗಾಲ ಕಳೆದರೂ ಕೊಟ್ರೇಶನಿಗೆ ಒಂದೂ ಹೊಳೆದಿರಲಿಲ್ಲ.

"ಏನೂ ತೋಚುತ್ತಿಲ್ಲಮ್ಮಾ."

ಅಮ್ಮ ಒಳಗಿಂದ ಒಂದು ಪಿಂಗಾಣಿ ಬಟ್ಟಲು ತಂದರು. ಜೊತೆಗೆ, ತೇಪೆಯ ಮೇಲೆ ತೇಪೆ ಹಾಕಿದ ಒಂದು ನೀಲಿ ಅಂಗಿ. ಹಿಂದೆಂದೋ ಜಪಾನಿನಿಂದ ಬಂದು ಇಲ್ಲಿದ್ದ ಹೆಂಗಸೊಬ್ಬಳು ಬಿಟ್ಟುಹೋಗಿದ್ದ ವಸ್ತುಗಳವು.

"ನೋಡು," ಎಂದರು.

ಹದಿನೈದು ದಿನ ನೋಡಿದ. ಬಟ್ಟಲಿನ ಮೈಮೇಲಿದ್ದ ಬಿರುಕುಗಳನ್ನು ಬಿಳಿ ಉಣ್ಣೆಯಲ್ಲಿ, ಅಂಗಿಯ ತೇಪೆಗಳನ್ನು ನೀಲಿಯಲ್ಲಿ ಮೂಡಿಸಿ ಒಂದು ಸ್ವೆಟರ್ ಹೆಣೆದು ತಂದ. ಒಂದು ಕುಣಿಕೆಯೂ ಆಚೀಚೆ ಆಗಿರಲಿಲ್ಲ.

ಅಮ್ಮ ಸ್ವೆಟರನ್ನು ತಿರುವಿ ನೋಡಿ ಕೆಳಗಿಟ್ಟರು.

"ಚೆನ್ನಾಗಿದೆ. ಆದರೆ ಪಾಪ, ಇದಕ್ಕೇ ಚಳಿಯಾಗ್ತಿದೆ."

ಕೊಟ್ರೇಶ ಪೆಚ್ಚಾದ.

"ಬಟ್ಟಲೊಳಗೆ ಬೆರಳಿಡು."

ಇಟ್ಟ. ಒಳಮೈಯ ಸುತ್ತ ಬೆರಳಗಲದ ಸಣ್ಣ ತಗ್ಗು. ಅವನ ಬೆರಳು ಅದರಲ್ಲಿ ಸರಿಯಾಗಿ ಕೂತಿತು.

"ಯಾರ ಬೆರಳಿಂದು?"

"ಮಾಡಿದವನದು."

"ಅವನೆಲ್ಲಿ?"

"ಹೋಗಿರಬೇಕಮ್ಮಾ. ಹಳೇ ಬಟ್ಟಲು."

"ಅಂಗಿಯಲ್ಲಿ ತೇಪೆ ಎಲ್ಲಿ ಜಾಸ್ತಿ?"

"ಬಲ ಭುಜದಲ್ಲಿ. ಏನೋ ಹೊರುತ್ತಿದ್ದ ಅಂತ ಕಾಣುತ್ತೆ."

ಅಮ್ಮ ಎದ್ದುಹೋಗಿ ಪೆಟ್ಟಿಗೆ ತೆರೆದರು. ಬೂದಿ ಬಣ್ಣದ ಹಳೆಯ ಸ್ವೆಟರೊಂದನ್ನು ತಂದು ಅವನ ಕೈಗಿಟ್ಟರು.

"ಇದನ್ನ ಬಿಚ್ಚು. ಈ ನೂಲಲ್ಲಿ ಮೊದಲನೆಯದು ಹೆಣಿ."

ಯಾರದೆಂದು ಅವನು ಕೇಳಲಿಲ್ಲ. ಒಂದು ಮೊಣಕೈ ಜೋತಿತ್ತು. ಕೊರಳಪಟ್ಟಿಯ ಅಂಚನ್ನು ಯಾರೋ ಹಲ್ಲಿನಿಂದ ಕಚ್ಚಿದಂತಿತ್ತು. ಅವನ ಗಮನವೆಲ್ಲ ನೂಲಿನ ಮೇಲೆ.

ಬಿಚ್ಚಿದ ನೂಲು ಗುಂಗುರು ಕೂದಲಿನಂತೆ ಬಂತು. ವರ್ಷಗಟ್ಟಲೆ ಕುಣಿಕೆಯಲ್ಲಿದ್ದ ನೂಲು ಹಾಗೆಯೇ. ಅದರಲ್ಲೇ ಹೆಣೆದರೆ ಸ್ವೆಟರಿನ ಮೈ ಏರುಪೇರಾಗುತ್ತದೆ. ಕೊಟ್ರೇಶ ಅದನ್ನು ಉದ್ದುದ್ದ ಸುತ್ತಿ ಲಡಿ ಮಾಡಿದ. ಅಂಟುವಾಳದ ನೊರೆಯಲ್ಲಿ ಮೂರು ಸಲ ತೊಳೆದ. ತುದಿಗೆ ಕಲ್ಲು ಕಟ್ಟಿ ಮೂರು ದಿನ ನೇತುಹಾಕಿದ.

ನಾಲ್ಕನೆಯ ದಿನ ಬೆಳಗ್ಗೆ ಗುರುವಿನ ಮುಂದೆ ಇಟ್ಟ.

"ನೋಡಿ ಅಮ್ಮಾ, ಹೊಸದರ ಹಾಗಾಗಿದೆ. ಒಂದು ಗುಂಗುರೂ ಉಳಿದಿಲ್ಲ."

ಅಮ್ಮ ನೂಲನ್ನು ಎರಡು ಬೆರಳ ನಡುವೆ ಹಿಡಿದು ಎಳೆದರು. ಮತ್ತಷ್ಟು ಎಳೆದರು. ಮೂಗಿನ ಹತ್ತಿರ ತಂದರು. ಬರೀ ಅಂಟುವಾಳದ ವಾಸನೆ.

"ಏನೂ ಉಳಿದಿಲ್ವಾ?"

"ಇಲ್ಲಮ್ಮಾ."

"ಓದುವಾಗ ಕೊರಳಪಟ್ಟಿ ಕಚ್ಚುತ್ತಿದ್ದ," ಎಂದರು ಅಮ್ಮ. "ಎಷ್ಟು ಬೈದಿದ್ದೀನಿ."

ಅವರ ಮಗ ಹತ್ತೊಂಬತ್ತಕ್ಕೇ ಜ್ವರದಲ್ಲಿ ತೀರಿಕೊಂಡಿದ್ದು ಆಶ್ರಮಕ್ಕೆಲ್ಲ ಗೊತ್ತಿತ್ತು. ಅವನ ಸ್ವೆಟರು ಇಷ್ಟು ವರ್ಷ ಒಗೆಯದೆ ಪೆಟ್ಟಿಗೆಯಲ್ಲಿತ್ತೆಂಬುದು ಕೊಟ್ರೇಶನಿಗೆ ಈಗ ಗೊತ್ತಾಯಿತು.

ಅವನು ಕಾಲಿಗೆ ಬಿದ್ದ.

"ಒಂದು ಮಾತು ಹೇಳಬಾರದಿತ್ತಾ ಅಮ್ಮಾ?"

"ಬಟ್ಟಲು ನಿನಗೆ ಹೇಳಿತ್ತಾ?"

ಅವನು ಬಹಳ ಹೊತ್ತು ಅತ್ತ. ಅಮ್ಮ ಲಡಿಯನ್ನು ಮಂಡಿಗೆ ಹಾಕಿಕೊಂಡು ಉಂಡೆ ಸುತ್ತುತ್ತಾ ಕೂತರು. ಸುತ್ತಿ ಮುಗಿದ ಮೇಲೆ ಉಂಡೆಯನ್ನೂ ಕಡ್ಡಿಗಳನ್ನೂ ಅವನ ಮಡಿಲಿಗಿಟ್ಟರು.

ಕಣ್ಣೊರೆಸಿಕೊಂಡು ಹೆಣೆಯತೊಡಗಿದ. ಮೊದಲ ಸಾಲಿನಲ್ಲೇ ಎರಡು ಕುಣಿಕೆ ಜೋಲುಬಿದ್ದವು.

ಅಭ್ಯಾಸಬಲದಿಂದ ಬಿಚ್ಚಲು ಹೋದ. ಅಮ್ಮ ಅವನ ಕೈ ಹಿಡಿದರು.

"ಬಿಚ್ಚಬೇಡ ಕಣೋ. ಅದಾದರೂ ಇರಲಿ."